ನೀಲವ್ವನ ಸೌಟಿನ ನಾಲ್ಕನೇ ಪೆಟ್ಟು

ಮಾಘ ಮಾಸ, ಚಳಿ ಇನ್ನೇನು ಗಂಟು ಕಟ್ಟುವ ಹೊತ್ತು. ಬಹುಳ ಸಪ್ತಮಿ, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಇರಬೇಕು, ಯಾಕೆಂದರೆ ಬಿಸಿಲು ನನ್ನ ಅಂಗಡಿಯ ಮೂರನೇ ಹಲಗೆಗೆ ಬಂದು, ಅಲ್ಲಿ ಸಾಲಾಗಿಟ್ಟ ವಾಲ್ವುಗಳ ಗಾಜಿನೊಳಗೆ ಕೂತಿತ್ತು. ಶಂಕ್ರವ್ವ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ರೇಡಿಯೊ ಹೊತ್ತುಕೊಂಡು ಬಂದು ಬಾಗಿಲಲ್ಲಿ ನಿಂತಳು. ಎಪ್ಪತ್ತನಾಲ್ಕು ವರ್ಷದ ಮುದುಕಿ. ಆ ರೇಡಿಯೊ ಏನಿಲ್ಲೆಂದರೂ ಹನ್ನೆರಡು ಸೇರು ತೂಗುತ್ತದೆ.

"ಗುರುಪಾದಣ್ಣ, ಇಳಿಸ್ಕೊ. ನಿನ್ನೆಯಿಂದ ಬರೇ ಗೊರ್ ಅಂತೈತಿ," ಅಂದಳು. ಇಳಿಸಿಕೊಂಡೆ. "ಗುರುವಾರದೊಳಗ ಆಗಬೇಕು ನೋಡು." "ಯಾಕವ್ವ, ಗುರುವಾರ ಏನೈತಿ?" ಅಂದೆ. "ಏನೂ ಇಲ್ಲ. ನನಗೇನೂ ಗೊತ್ತಿಲ್ಲ," ಅಂತ ಸೆರಗಿನಿಂದ ರೇಡಿಯೊದ ಮೈ ಒರೆಸಿದಳು.

ಏನೂ ಗೊತ್ತಿಲ್ಲ ಅಂದರೆ ಎಲ್ಲ ಗೊತ್ತು ಅಂತ ಅರ್ಥ. ನಮ್ಮೂರ ರೇಡಿಯೊಗಳು ಪರಊರಿನ ಹಾಡು, ಸುದ್ದಿ ಹಿಡಿಯುವುದಿಲ್ಲ. ಒಂದೊಂದು ರೇಡಿಯೊ ಊರಿನ ಒಂದೊಂದು ಅಡುಗೆಮನೆ ಹಿಡಿಯುತ್ತದೆ. ಹೊಸ ರೇಡಿಯೊ ಕೊಂಡ ದಿನ ಮನೆಯ ಹಿರಿಯರು ಕಣ್ಣು ಮುಚ್ಚಿ ಗುಂಡಿ ತಿರುವುತ್ತಾರೆ. ಮೊದಲು ಯಾವ ಮನೆ ಬಂತೋ ಆ ರೇಡಿಯೊಗೆ ಕಡೆತನಕ ಅದೇ ಮನೆ. ಆಮೇಲೆ ಆ ಗುಂಡಿ ಕಿತ್ತು, ತೂತಿಗೆ ಮೇಣ ತುಂಬಿ, ಕಿತ್ತ ಗುಂಡಿಯನ್ನು ನನ್ನ ಡಬ್ಬಿಗೆ ಹಾಕಿ ಹೋಗುತ್ತಾರೆ. ಆ ಡಬ್ಬಿ ಈಗ ತುಂಬಿ ಎರಡನೆಯದು ನಡೆದಿದೆ. ಇನ್ನೊಂದು ಕಟ್ಟಳೆಯೂ ಇದೆ: ರೇಡಿಯೊದಲ್ಲಿ ಕೇಳಿದ್ದನ್ನು ಬಾಯಲ್ಲಿ ಆಡಬಾರದು. ಆ ಮನೆಯವರು ಊರು ಬಿಟ್ಟರೆ, ಇಲ್ಲಾ ಲೋಕ ಬಿಟ್ಟರೆ, ಆಗ ಆಡಬಹುದು. ಅದಕ್ಕೇ ನಾನು ಇಷ್ಟು ದಿನ ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆ. ಮೂರನೇ ಇಯತ್ತೆ ಕಲಿತವ, ಅಕ್ಷರ ಅಡ್ಡಾದಿಡ್ಡಿ ಬಂದರೆ ನೀವೇ ನೆಟ್ಟಗೆ ಮಾಡಿಕೊಳ್ಳಿ.

ಇದರಿಂದ ಊರಿಗೇನೂ ತೊಂದರೆ ಇರಲಿಲ್ಲ. ಒಮ್ಮೆ ಕಾಶವ್ವನ ಮನೆಯಲ್ಲಿ ಅನ್ನ ಹೊತ್ತಿ ಸೀದುಹೋಯಿತು. ಅರ್ಧ ತಾಸಿಗೆ ಮೂರು ಓಣಿ ಆಚೆಯಿಂದ ಒಬ್ಬಾಕೆ ಪಾತ್ರೆ ತುಂಬ ಅನ್ನ ತಂದು, "ಯಾಕೋ ನಮ್ಮನ್ಯಾಗ ಹೆಚ್ಚಾತು," ಅಂದಳು. "ಯಾಕೋ ನಮಗೂ ಕಡಿಮಿ ಆಗಿತ್ತು," ಅಂತ ಕಾಶವ್ವ ಇಸಿದುಕೊಂಡಳು. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮನೆಯನ್ನು ಯಾರು ಕೇಳುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ನನ್ನ ಹೆಂಡತಿ ಸಾತವ್ವ ಸಾರಿಗೆ ಉಪ್ಪು ಹಾಕುವಾಗ ದಿನಾ ಗೋಡೆಗೆ ಹೇಳುತ್ತಾಳೆ: "ನೋಡ್ರಿ, ಎರಡ ಚಮಚ ಹಾಕೀನಿ. ಆಮ್ಯಾಲ ಈತ ಉಪ್ಪಾತು ಅಂದ್ರ ನೀವ ಸಾಕ್ಷಿ."

ಶಂಕ್ರವ್ವನ ರೇಡಿಯೊ ಹಿಡಿಯುತ್ತಿದ್ದದ್ದು ಅವಳ ತಂಗಿ ನೀಲವ್ವನ ಅಡುಗೆಮನೆ. ನೀಲವ್ವನದು ಹಿಡಿಯುತ್ತಿದ್ದದ್ದು ಶಂಕ್ರವ್ವನ ಅಡುಗೆಮನೆ. ಊರಲ್ಲಿ ಹೀಗೆ ಎದುರುಬದುರು ಸಿಕ್ಕ ಜೋಡಿ ಅದೊಂದೇ. ಆಗ ರೇಡಿಯೊ ಮಾರುತ್ತಿದ್ದವ ನಾನೇ. ಹಿರಿಯರು ಕಣ್ಣು ಮುಚ್ಚಿ ಗುಂಡಿ ತಿರುವುವಾಗ ಅಂಗಡಿಯವನ ಬೆರಳು ಎಲ್ಲಿತ್ತು ಅಂತ ಯಾರೂ ನೋಡಿಲ್ಲ. ಆ ಮಾತು ಬೇಡ.

ಅಕ್ಕತಂಗಿ ಮಾತು ಬಿಟ್ಟು ಮೂವತ್ತೊಂದು ವರ್ಷವಾಗಿತ್ತು. ತಾಯಿ ಸತ್ತ ಮೇಲೆ ಪಾತ್ರೆ ಹಂಚಿಕೊಳ್ಳುವಾಗ ಹಿತ್ತಾಳೆ ತಪೇಲಿ ಶಂಕ್ರವ್ವನ ಪಾಲಿಗೆ ಬಂತು, ಅದರ ಸೌಟು ನೀಲವ್ವನ ಪಾಲಿಗೆ. "ಸೌಟಿಲ್ಲದ ತಪೇಲಿ ತಗೊಂಡು ಏನ ಮಾಡ್ಲಿ?" ಅಂದಳು ಇವಳು. "ತಪೇಲಿ ಇಲ್ಲದ ಸೌಟು ತಗೊಂಡು ನಾ ಏನ ಮಾಡ್ಲಿ?" ಅಂದಳು ಅವಳು. ಆಡಿದ್ದು ಅದೇ ಕಡೆಯ ಮಾತು. ಆಮೇಲೆ ದಿನಾ ಸಂಜೆ ಏಳಕ್ಕೆ ನೀಲವ್ವ ಆ ಸೌಟಿನಿಂದ ತನ್ನ ಯಾವುದೋ ಅಲ್ಯುಮಿನಿಯಂ ಪಾತ್ರೆಯ ಅಂಚಿಗೆ ಮೂರು ಪೆಟ್ಟು ಹೊಡೆಯುತ್ತಿದ್ದಳು. ನನ್ನ ಊಟ ಆಯಿತು ಅಂತ. ಶಂಕ್ರವ್ವ ತನ್ನ ಮನೆಯಲ್ಲಿ ಲಟ್ಟಣಿಗೆಯಿಂದ ತಾಯಿಯ ತಪೇಲಿಗೆ ಮೂರು ಪೆಟ್ಟು. ನನ್ನದೂ ಆಯಿತು ಅಂತ. ಬಾಯಿ ಬಿಟ್ಟು ಒಂದಕ್ಷರ ಇಲ್ಲ. ನಡುವೆ ನಾಲ್ಕೇ ಮನೆ.

ಆ ನೀಲವ್ವ ಗುರುವಾರ ಬೆಳಿಗ್ಗೆ ಬಸ್ಸಿಗೆ ಊರು ಬಿಟ್ಟು ಮಗಳ ಊರಿಗೆ ಹೋಗುವವಳಿದ್ದಳು. ಕಣ್ಣು ಮಂದವಾಗಿದ್ದವು, ಒಬ್ಬಳೇ ಇರಲಾಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನವನಿಗೆ ಬಾಯಿಂದಲೇ ಹೇಳಿದ್ದರಿಂದ ಊರಿಗೆಲ್ಲ ಗೊತ್ತಿತ್ತು. ಶಂಕ್ರವ್ವನ ಮುಂದೆ ಮಾತ್ರ ಯಾರೂ ನೀಲವ್ವನ ಹೆಸರು ಎತ್ತುವಂತಿರಲಿಲ್ಲ. ಅವಳಿಗೆ ಗೊತ್ತಾದದ್ದು ರೇಡಿಯೊದಿಂದ, ಅಂದರೆ ಗೊತ್ತಿಲ್ಲ.

"ಅಲ್ಲವ್ವ, ಇದು ಆಗೂದರೊಳಗ ಸಂಜಿಗೆ ನೀನ ಮೂರು ಪೆಟ್ಟು ಹೊಡದುಬಿಡು. ಅಕಿಗೆ ಕೇಳತೈತಿ," ಅಂದೆ.

"ಹುಚ್ಚದೀಯೇನು? ಅಕಿ ಹೊಡೀದ ನಾ ಹೊಡದ್ರ ನಾ ಮೊದಲ ಮಾತಾಡಿಸಿದಂಗ ಆತು. ಸಣ್ಣಾಕಿ ಅಕಿ, ಅಕೀನ ಮೊದಲ ಹೊಡೀಬೇಕು." ರೇಡಿಯೊದ ಮೇಲೆ ಕೈಯಿಟ್ಟಳು. "ನಿನ್ನೆ ಸಂಜಿಗೆ ಹೊಡದಾಳೋ ಇಲ್ಲೋ, ಏನೂ ಕೇಳಿಲ್ಲ. ಉತ್ತರ ಇಲ್ಲದ ಹೋದ್ರ, ಅಕ್ಕ ಸಿಟ್ಟಾಗ್ಯಾಳ ಅಂತ ತಿಳಕೊಂಡ ಹೋಗತಾಳ." ಆಮೇಲೆ ನಾಲಿಗೆ ಕಚ್ಚಿಕೊಂಡು, "ಎಲ್ಲಿಗೆ ಹೋಗತಾಳೋ ನನಗ ಗೊತ್ತಿಲ್ಲ," ಅಂತ ಸೇರಿಸಿ ಹೊರಟುಹೋದಳು.

ಇಷ್ಟನ್ನೂ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ವಿದ್ಯುಲ್ಲತಾ ಕೇಳುತ್ತಿದ್ದಳು. ನಲವತ್ತರ ಹೆಣ್ಣುಮಗಳು, ಪರಊರಿನವಳು, ತಿಂಗಳ ಹಿಂದೆ ಎದುರಿನ ಕೋಣೆ ಬಾಡಿಗೆ ಹಿಡಿದು ಹೊಸ ನಮೂನೆಯ ರೇಡಿಯೊ ಮಾಡುತ್ತಿದ್ದಳು. ಅದರಲ್ಲಿ ವಾಲ್ವಿಲ್ಲ, ಕಾಯಿಲ್ ಇಲ್ಲ. ಅಂಗೈ ಅಗಲದ ಹಸಿರು ಹಲಗೆ, ಅದರ ಮೇಲೆ ತಿಗಣೆಯಂಥ ಕರೀ ಚಿಪ್ಪು, ಒಂದು ಗುಂಡಿ, ಒಂದು ಗಾಜಿನ ಕಿಟಕಿ. ಗುಂಡಿ ತಿರುವಿದರೆ ಕಿಟಕಿಯಲ್ಲಿ ಮನೆಯ ನಂಬರು ಬರುತ್ತದೆ. ಊರಿನ ಇನ್ನೂರಾ ನಲವತ್ತು ಮನೆಯೂ ಅದರೊಳಗೆ. ಹನ್ನೊಂದು ಮಂದಿ ಕೊಂಡಿದ್ದರು. ಎರಡು ದಿನ ಇವರ ಮನೆಯ ಜಗಳ ಅರ್ಧ, ಅವರ ಮನೆಯ ಹರಟೆ ಅರ್ಧ ಕೇಳಿ, ತಲೆ ಕೆಟ್ಟು, ಹನ್ನೊಂದೂ ಮಂದಿ ನನ್ನ ಹತ್ತಿರ ತಂದು, "ಗುಂಡಿ ಕಿತ್ತು ಮೇಣ ಹಾಕು," ಅಂದರು. ಹಾಕಿಕೊಟ್ಟೆ. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಒಳ್ಳೆಯ ಹೆಣ್ಣುಮಗಳು.

"ಅಜ್ಜ, ಆ ಅಜ್ಜಿಯ ರೇಡಿಯೊಗಿಂತ ವಯಸ್ಸಾದ್ದು ಈ ಊರಲ್ಲಿ ನೀವೊಬ್ಬರೇ," ಅಂದಳು. "ನಾನಾದರೂ ಇನ್ನೂ ಗೊರ್ ಅಂತಿಲ್ಲವ್ವ," ಅಂತ ಹಿಂದಿನ ಹಲಗೆ ಬಿಚ್ಚಿದೆ. ಕಂಡೆನ್ಸರು ಒಣಗಿತ್ತು, ಒಂದು ವಾಲ್ವು ಕಪ್ಪಿಟ್ಟಿತ್ತು, ಮನೆ ಹಿಡಿಯುವ ತಗಡಿನ ಎಲೆಗಳ ನಡುವೆ ಮೂವತ್ತು ವರ್ಷದ ಒಗ್ಗರಣೆ ಜಿಡ್ಡು. ಈ ಎಲೆಗಳು ಒಂದರೊಳಗೊಂದು ಎಷ್ಟು ಹೊಕ್ಕಿವೆ ಅನ್ನುವುದರ ಮೇಲೆಯೇ ಮನೆ ನಿಲ್ಲುವುದು. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿ: ಎಲೆ ಮುಟ್ಟುವ ಮೊದಲು ಅವು ಕದಲದಂತೆ ಒಂದು ಎಳೆ ದಾರ ಕಟ್ಟಬೇಕು. ನನ್ನಪ್ಪ ಕಟ್ಟುತ್ತಿದ್ದ. ನಲವತ್ತು ವರ್ಷ ನಾನೂ ಕಟ್ಟಿದ್ದೇನೆ.

"ದಾರ ಯಾಕಜ್ಜ?" ಅಂದಳು ವಿದ್ಯುಲ್ಲತಾ. "ನನ್ನದರಲ್ಲಿ ನಂಬರು ತಾನೇ ನೆನಪಿಟ್ಟುಕೊಳ್ಳುತ್ತೆ."

ಆ ಮಾತು ಎಲ್ಲಿ ಚುಚ್ಚಿತೋ. "ನನ್ನ ಕೈಯೂ ನೆನಪಿಟ್ಟುಕೊಳ್ತೈತಿ," ಅಂತ ದಾರದುಂಡಿಯನ್ನು ಬದಿಗೆ ಸರಿಸಿ, ಬರಿಗೈಯಲ್ಲಿ ಕುಂಚ ಹಿಡಿದು ಎಲೆ ತೊಳೆದೆ. ಅದೊಂದೇ ದಿನ ದಾರ ಕಟ್ಟಲಿಲ್ಲ.

ಮಧ್ಯಾಹ್ನಕ್ಕೆ ವಾಲ್ವು ಕಾದು ಕೆಂಪಾಯಿತು, ರೇಡಿಯೊದ ಮುಖದ ಮೇಲಿನ ಹಸಿರು ದೀಪದ ಕಣ್ಣು ಮಿಟುಕಿತು, ಗೊರಗೊರ ಹೋಗಿ ಸದ್ದು ಗಂಟೆಯಂತೆ ಬಂತು. ಬಂದದ್ದು ಗಂಡುದನಿ. "ಮಾನ್ಯ ಅತಿಥಿಗಳೇ, ತಮ್ಮ ಪಾದಸ್ಪರ್ಶದಿಂದ ನಮ್ಮ ಫೋಟೊ ಸ್ಟುಡಿಯೊ ಪಾವನವಾಯಿತು..." ಫೋಟೊ ಪುಂಡಲೀಕ. ಹನ್ನೊಂದು ವರ್ಷದಿಂದ ಬಾರದ ಅತಿಥಿಗೆ ಒಲೆಯ ಮುಂದೆ ಸ್ವಾಗತ ಭಾಷಣ ಕಲಿಯುತ್ತಿದ್ದ. ಹೋದ ವರ್ಷ ತೀರಿಕೊಂಡ, ಈಗ ಹೇಳಬಹುದು. ಎಲೆ ಕದಲಿತ್ತು. ನೀಲವ್ವನ ಮನೆ ಹೋಗಿ ಪುಂಡಲೀಕನ ಮನೆ ಬಂದು ಕೂತಿತ್ತು.

ವಿದ್ಯುಲ್ಲತಾ ನನ್ನ ಮುಖ ನೋಡಿದಳು, ನಗಲಿಲ್ಲ. ಎದ್ದು ಹೋದಳು. ನಕ್ಕಿದ್ದರೆ ವಾಸಿಯಿತ್ತು.

ಮಂಗಳವಾರ ಇಡೀ ದಿನ ಬಿದಿರು ಕಡ್ಡಿಯಿಂದ ಎಲೆಗಳನ್ನು ಕೂದಲೆಳೆಯಷ್ಟು ಹೊರಳಿಸುತ್ತ ಕೂತೆ. ಮನೆ ಮೇಲೆ ಮನೆ ಬಂತು. ಒಂದರಲ್ಲಿ ಗಂಡಹೆಂಡತಿ ಮೆಣಸಿನಕಾಯಿ ಎಣಿಸುತ್ತಿದ್ದರು, ಒಂದರಲ್ಲಿ ಯಾರೋ ಬೆಕ್ಕಿಗೆ ಬುದ್ಧಿ ಹೇಳುತ್ತಿದ್ದರು. ಮಾತಿರುವ ಮನೆಯಾದರೆ ದನಿ ಗುರುತು ಹಿಡಿಯಬಹುದು. ನೀಲವ್ವ ಒಬ್ಬಳೇ ಇರುವವಳು, ಸುಮ್ಮನಿರುವವಳು. ನಮ್ಮೂರಲ್ಲಿ ಸುಮ್ಮನಿರುವ ಅಡುಗೆಮನೆ ಇಪ್ಪತ್ತಾದರೂ ಇವೆ. ಸಂಜೆ ಏಳಾಗಲಿ, ಸೌಟಿನ ಪೆಟ್ಟು ಕೇಳೋಣ ಅಂತ ಕಾದೆ. ಏಳಾಯಿತು. ಏಳು ಗಂಟೆಗೆ ಸೌಟು ಸದ್ದು ಮಾಡದ ಮನೆ ಊರಲ್ಲಿ ಯಾವುದಿದೆ? ಎಲ್ಲಿ ಹೊರಳಿಸಿದರೂ ಟಣ್ ಟಣ್. ಯಾರದು ಮೂರು, ಯಾರದು ಐದು ಅಂತ ಎಣಿಸುವಷ್ಟರಲ್ಲಿ ಊರೆಲ್ಲ ಉಂಡು ಕೈ ತೊಳೆಯಿತು.

ಮನೆಗೆ ಹೋದರೆ ಸಾತವ್ವ ನನಗೆ ಬಡಿಸುತ್ತ ಗೋಡೆಗೆ ಹೇಳಿದಳು: "ನೋಡ್ರಿ, ಒಂದ ಎಳಿ ದಾರಕ್ಕ ಅಕ್ಕತಂಗೇರನ್ನ ಅಗಲಿಸಿ ಬಂದು ಅನ್ನ ಉಣ್ಣಾಕ ಕುಂತಾನ." "ನಾ ಏನ ಬೇಕಂತ ಮಾಡೇನೇನು?" ಅಂದೆ. "ಬೇಕಂತ ಜೋಡಿಸಿದಾವ, ಬ್ಯಾಡಂತ ಕಡದಾವ," ಅಂದಳು ಗೋಡೆಗೆ. ಆ ಹಳೇ ಬೆರಳಿನ ವಿಷಯ ಅವಳಿಗೂ ಗೊತ್ತಿತ್ತು ಅಂತ ನನಗೆ ಗೊತ್ತಾದದ್ದು ಅವತ್ತೇ.

ಬುಧವಾರ ಬೆಳಿಗ್ಗೆ ಶಂಕ್ರವ್ವ ಬಂದಳು. ಕೇಳಲಿಲ್ಲ, ಬಯ್ಯಲಿಲ್ಲ. ಬಾಗಿಲ ಹೊರಗೆ ನಿಂತು ಬೀದಿ ನೋಡುತ್ತ, "ಸಂಜಿಗೆ ಬರಲೇನು?" ಅಂದಳು. "ನಾನ ಹೊತ್ತ ತರತೀನವ್ವ," ಅಂದುಬಿಟ್ಟೆ. ಎಪ್ಪತ್ತು ದಾಟಿದವ ನಾನು, ಎದುರಿನ ಕೋಣೆಗೆ ಹೋಗಲು ಎಂಟೇ ಹೆಜ್ಜೆ. ಆ ಎಂಟು ಹೆಜ್ಜೆಗೆ ಮಧ್ಯಾಹ್ನದತನಕ ಹೊತ್ತು ಹಿಡಿಯಿತು.

"ತಂಗೆವ್ವಾ," ಅಂದೆ, "ನೀಲವ್ವನ ಮನಿ, ಹದಿನೇಳನೇ ನಂಬರು, ಹಿಡದು ಕೊಡ್ತೀಯೇನು? ನಿನ್ನದರಾಗ ಸದ್ದು ಬರಲಿ, ಅದನ್ನ ಕೇಳಕೋತ ಇದನ್ನ ಅಲ್ಲಿಗೆ ತರತೀನಿ."

"ಇಷ್ಟೇನಾ? ಸೋಮವಾರವೇ ಕೇಳಬಾರದಿತ್ತಾ ಅಜ್ಜ," ಅಂತ ಗುಂಡಿ ತಿರುವಿದಳು. ಕಿಟಕಿಯಲ್ಲಿ ಹದಿನೇಳು ಬಂತು. ಕೆಳಗೆ ಎರಡು ಪದ ಮೂಡಿದವು. ಮೂರನೇ ಇಯತ್ತೆಯವನಿಗೂ ಓದಲು ಬಂತು: ಮನೆ ಖಾಲಿ.

ಗುರುವಾರ ಅಂದವಳು ಬುಧವಾರವೇ ಹೋದಳೋ ಏನೋ. ನಾನು ಹೊರಗೆ ಬಂದು ಓಣಿಯ ತಿರುವಿನವರೆಗೆ ಹೋಗಿ ನೋಡಿದೆ. ನೀಲವ್ವನ ಮಾಡಿನಿಂದ ಹೊಗೆ ಏಳುತ್ತಿತ್ತು. ವಾಪಸು ಬಂದೆ. "ಹೊಗಿ ಬರಾಕತ್ತೈತಲ್ಲವ್ವ."

"ಆದರೆ ಇದು ಯಾರೂ ಇಲ್ಲ ಅನ್ನುತ್ತೆ."

"ಯಾರೂ ಇಲ್ಲದ ಒಲಿ ಯಾರು ಹಚ್ಚಿದ್ರು?"

ಅವಳು ಹಲಗೆಯನ್ನು ತನ್ನ ಇನ್ನೊಂದು ಯಂತ್ರಕ್ಕೆ ತಗುಲಿಸಿ ಏನೇನೋ ನೋಡಿದಳು. "ಅಲ್ಲಿ ಮಾತು ಇಲ್ಲ ಅಜ್ಜ. ಬರೀ ಗದ್ದಲ ಇದೆ. ಪಾತ್ರೆ, ಕೆಮ್ಮು, ಊದುಗೊಳವೆ ಊದೋದು. ಇದು ಮಾತು ಮಾತ್ರ ಇಟ್ಟುಕೊಂಡು ಗದ್ದಲ ಎಲ್ಲಾ ತೆಗೆದುಹಾಕುತ್ತೆ. ಅದೇ ಇದರ ಹೆಚ್ಚುಗಾರಿಕೆ. ಅದಕ್ಕೇ ಎರಡು ವರ್ಷ ಕೂತಿದ್ದೆ."

"ತೆಗೆದ ಗದ್ದಲ ಎಲ್ಲಿ ಹಾಕೀಯವ್ವ?"

"ಎಲ್ಲಿ ಅಂದರೆ... ಬಿಸಾಕೋದು."

"ಬಿಸಾಕಬ್ಯಾಡ. ಅದನ್ನ ನನಗ ಕೊಡು. ಮಾತು ಬೇಕಾದ್ರ ನೀ ಇಟ್ಕೊ."

ವಿದ್ಯುಲ್ಲತಾ ಕೂತು ಕೀಲಿಮಣೆ ಕುಟ್ಟಿದಳು. ಎರಡು ವರ್ಷ ಕಲಿಸಿದ್ದನ್ನು ತಿರುಗಾಮುರುಗಾ ಮಾಡಿದಳು: ಮಾತು ತೆಗೆ, ಗದ್ದಲ ಇಡು. ಮೊದಲು ಬೇರೆ ಮನೆಗಳಲ್ಲಿ ಪರೀಕ್ಷೆ ಮಾಡಿದಳು. ಊರಲ್ಲಿ ಆಗ ಮೂರೂವರೆ ಹೊತ್ತು. ರುಬ್ಬುಗುಂಡಿನ ಸದ್ದು, ಮುಚ್ಚಳ ಕುಣಿಯುವ ಸದ್ದು, ಬಳೆ ಸದ್ದು. ಇಷ್ಟೂ ವರ್ಷ ಕೇಳಿದ ಮನೆಗಳೇ, ಮಾತು ತೆಗೆದ ಮೇಲೆ ಎಲ್ಲವೂ ಒಂದೇ ಮನೆಯಂತೆ ಕೇಳಿದವು. "ಛೇ, ಎಷ್ಟು ಚೆನ್ನಾಗಿದೆ," ಅಂತ ಅವಳು ತನಗೆ ತಾನೇ ಅಂದುಕೊಂಡಳು. ಆಮೇಲೆ ಹದಿನೇಳು.

ನೀಲವ್ವ ಪಾತ್ರೆ ಕಟ್ಟುತ್ತಿದ್ದಳು. ಒಂದರೊಳಗೊಂದು ಇಡುವ ಸದ್ದು, ಗೋಣಿಚೀಲದ ಸರಸರ, ನಡುನಡುವೆ ದೊಡ್ಡ ಉಸಿರು.

ಹಳೆಯ ರೇಡಿಯೊವನ್ನು ಹೊಸ ಹಲಗೆಯ ಪಕ್ಕದಲ್ಲಿಟ್ಟೆ. ಬಿದಿರು ಕಡ್ಡಿ ಹಿಡಿದೆ. ಹೊಸದರಲ್ಲಿ ಪಾತ್ರೆ ಟಣ್ ಅಂದಾಗ ಹಳೆಯದರಲ್ಲಿ ಪುಂಡಲೀಕ "ಮಾನ್ಯರೇ" ಅಂದ. ಹೊರಳಿಸಿದೆ. ಬೆಕ್ಕಿನ ಮನೆ, ಮೆಣಸಿನಕಾಯಿ ಮನೆ. ಇನ್ನಷ್ಟು. ಸುಮ್ಮನಿರುವ ಮನೆ, ಅದರಾಚೆ ಇನ್ನೊಂದು ಸುಮ್ಮನಿರುವ ಮನೆ. ವಿದ್ಯುಲ್ಲತಾ ನನ್ನ ಮಣಿಕಟ್ಟಿಗೆ ತನ್ನ ಕೈ ಆನಿಕೆ ಕೊಟ್ಟಳು. ಕೂದಲೆಳೆಯಷ್ಟು. ಅದರಲ್ಲಿ ಅರ್ಧ. ಹೊಸದರಲ್ಲಿ ಉಸಿರು ಬಂತು, ಹಳೆಯದರಲ್ಲಿಯೂ ಉಸಿರು ಬಂತು, ಎರಡೂ ಒಂದರ ಮೇಲೊಂದು ಕೂತು ಒಬ್ಬಳೇ ಮುದುಕಿಯಾದವು. ಹಸಿರು ಕಣ್ಣು ಪೂರ್ತಿ ಮುಚ್ಚಿಕೊಂಡಿತು. ಮನೆ ಸಿಕ್ಕರೆ ಅದು ಮುಚ್ಚಿಕೊಳ್ಳುವುದು.

"ದಾರ," ಅಂದೆ. ಅವಳು ಆಗಲೇ ಎಳೆ ಹಿಡಿದುಕೊಂಡಿದ್ದಳು. ಕಟ್ಟಿ, ಹಲ್ಲಿನಿಂದ ಕಡಿದು, ಮೇಣ ಇಟ್ಟಳು. "ಈಗ ನೆನಪಿಟ್ಟುಕೊಳ್ಳುತ್ತೆ," ಅಂದಳು. ಆಗ ನಕ್ಕೆವು.

ಸಂಜೆ ಆರೂವರೆಗೆ ಇಬ್ಬರೂ ರೇಡಿಯೊವನ್ನು ಕೈಗಾಡಿಯಲ್ಲಿ ನೂಕಿಕೊಂಡು ಶಂಕ್ರವ್ವನ ಮನೆಗೆ ಹೋದೆವು. ಅವಳು ಹಿತ್ತಾಳೆ ತಪೇಲಿಯನ್ನು ಮುಂದಿಟ್ಟುಕೊಂಡು, ಲಟ್ಟಣಿಗೆ ಹಿಡಿದು, ತುದಿಗಾಲಲ್ಲಿ ಕೂತಿದ್ದಳು. ವಾಲ್ವು ಕಾಯಿತು. ಏಳಾಯಿತು. ಏನೂ ಇಲ್ಲ. ಏಳರ ಮೇಲೆ ಐದಾಯಿತು. "ಮೂರು ದಿನ ಉತ್ತರ ಕೊಟ್ಟಿಲ್ಲ, ಇನ್ನ್ಯಾಕ ಹೊಡೀತಾಳ," ಅಂದಳು ಶಂಕ್ರವ್ವ. "ಸೌಟು ಗಂಟಿನಾಗ ಕಟ್ಟಿರಬೇಕು." ನನಗೆ ಆ ಗಂಟು ಕಟ್ಟಿದ ಸದ್ದು ಕಿವಿಯಲ್ಲಿತ್ತು, ಹೇಳುವ ಹಾಗಿರಲಿಲ್ಲ.

ಗಂಟು ಬಿಚ್ಚುವ ಸದ್ದು ಬಂತು. ಸರಸರ. ಪಾತ್ರೆ ತೆಗೆದು ಬದಿಗಿಡುವ ಸದ್ದು. ಆಮೇಲೆ ಟಣ್. ಟಣ್. ಟಣ್.

ಶಂಕ್ರವ್ವ ಲಟ್ಟಣಿಗೆಯಿಂದ ತಪೇಲಿಗೆ ಮೂರು ಕೊಟ್ಟಳು. ಕೊಟ್ಟ ಪೆಟ್ಟಿಗೆ ಗೂಡಿನಲ್ಲಿದ್ದ ಲೋಟ ಉರುಳಿತು. ಆಕಡೆ ಸುಮ್ಮನಾಯಿತು. ಮುಗಿಯಿತು ಅಂತ ನಾನು ಏಳಲು ಗೋಡೆ ಹಿಡಿದೆ. ಆಗ ಮತ್ತೊಂದು ಬಂತು. ಟಣ್.

ಮೂವತ್ತೊಂದು ವರ್ಷದಲ್ಲಿ ನಾಲ್ಕನೆಯದು ಬಂದಿರಲಿಲ್ಲ.

"ಮೂರು ಅಂದ್ರ ಊಟ ಆತು," ಅಂದಳು ಶಂಕ್ರವ್ವ. "ನಾಕು ಅಂದ್ರ ಏನು, ಗುರುಪಾದಣ್ಣ?" "ನನಗೇನು ಗೊತ್ತವ್ವ." ವಿದ್ಯುಲ್ಲತಾಳ ಕಡೆ ತಿರುಗಿ, "ನಿನ್ನ ಮಶೀನಿಗೆ ಗೊತ್ತೈತೇನು?" ಅಂದಳು. ಅವಳು ತಲೆ ಅಲ್ಲಾಡಿಸಿದಳು. ಶಂಕ್ರವ್ವ ಲಟ್ಟಣಿಗೆ ಎತ್ತಿದಳು, ಹೊಡೆಯಲಿಲ್ಲ. ಅರ್ಥ ಗೊತ್ತಿಲ್ಲದ್ದಕ್ಕೆ ಉತ್ತರ ಹೇಗೆ ಕೊಡುವುದು? ತಪೇಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಒಳಗೆಲ್ಲ ಬೆರಳಾಡಿಸಿ ನೋಡಿದಳು. "ಕಲಾಯಿ ಹೋಗೈತಿ," ಅಂದಳು. ನಾವು ಎದ್ದು ಬಂದೆವು.

ಮರುದಿನ ಬೆಳಿಗ್ಗೆ ಆರಕ್ಕೆ ನಾನು ಬಸ್ ಸ್ಟ್ಯಾಂಡಿಗೆ ಹೋದೆ. ನನಗೇನೂ ಕೆಲಸವಿರಲಿಲ್ಲ. ಅಲ್ಲಿ ಕೆಲಸವಿಲ್ಲದವರು ಬಹಳ ಮಂದಿ ಬಂದಿದ್ದರು, ಸಾತವ್ವನೂ ಇದ್ದಳು. ನೀಲವ್ವ ಬಸ್ಸಿನ ಮುಂದಿನ ಸೀಟಿನಲ್ಲಿ ಗಂಟುಗಳ ನಡುವೆ ಕೂತು, ಕಾಣದ ಕಣ್ಣಿನಿಂದ ನೇರ ಮುಂದೆ ನೋಡುತ್ತಿದ್ದಳು. ಸೌಟು ಗಂಟಿನಲ್ಲಿರಲಿಲ್ಲ, ಕೈಯಲ್ಲಿತ್ತು.

ಆರೂ ಇಪ್ಪತ್ತಕ್ಕೆ ಶಂಕ್ರವ್ವ ಬಂದಳು. ತಲೆಯ ಮೇಲೆ ತಪೇಲಿ, ಕಂಕುಳಲ್ಲಿ ಬಟ್ಟೆಯ ಗಂಟು. "ಎಲ್ಲಿಗವ್ವ?" ಅಂದೆ. "ಕಲಾಯಿ ಹಾಕಿಸ್ಕೊಂಡ ಬರತೀನಿ. ಇಲ್ಲಿ ಕಲಾಯಿಯವ ಎಲ್ಲದಾನ?" ಅಂದಳು. ಕಲಾಯಿಯ ಹುಸೇನಸಾಬ ಅಲ್ಲೇ, ನನ್ನ ಪಕ್ಕದಲ್ಲೇ ನಿಂತಿದ್ದ. ಒಳ್ಳೆಯ ಮನುಷ್ಯ. "ಹೌದ್ರವ್ವ, ಇಲ್ಲಿ ಯಾರೂ ಇಲ್ಲ," ಅಂದ. ಬಟ್ಟೆಯ ಗಂಟಿನಿಂದ ನಾಲ್ಕು ಸೀರೆಯ ಅಂಚು ಹೊರಗೆ ಕಾಣುತ್ತಿತ್ತು. ಅದನ್ನೂ ಯಾರೂ ನೋಡಲಿಲ್ಲ. "ಮನೀ ಕೀಲಿ ಇಟ್ಕೊ ಗುರುಪಾದಣ್ಣ," ಅಂದಳು. "ರೇಡಿಯೊ ತಗೊಂಡ ಹೋಗು. ಯಾರಿಗರೆ ಬೇಕಾದ್ರ ಗುಂಡಿ ಹಾಕಿ ಕೊಡು."

ಬಸ್ಸು ಹತ್ತಿ, ಮುಂದಿನ ಸೀಟು ದಾಟಿ, ಅದರ ಹಿಂದಿನ ಸೀಟಿನಲ್ಲಿ ಕೂತಳು. ತಪೇಲಿ ತೊಡೆಯ ಮೇಲೆ. ಅವಳು ಇವಳ ಕಡೆ ತಿರುಗಲಿಲ್ಲ, ಇವಳು ಅವಳ ಹೆಸರು ಹಿಡಿಯಲಿಲ್ಲ. ಬಸ್ಸು ಗುರುಗುಟ್ಟಿತು. ನಾನು ಕಿಟಕಿಯ ಕೆಳಗೇ ಇದ್ದೆ. ಬಸ್ಸಿನ ಕುಲುಕಾಟಕ್ಕೋ, ಶಂಕ್ರವ್ವನೇ ತಳ್ಳಿದಳೋ, ತಪೇಲಿಯ ಅಂಚು ಮುಂದೆ ಸರಿದು ನೀಲವ್ವನ ಭುಜಕ್ಕೆ ತಾಗಿತು. ನೀಲವ್ವ ಕೈಯಿಂದ ತಡವಿ ನೋಡಿದಳು. ಅಂಚು, ಕಂಠ, ಕಂಠದ ಕೆಳಗಿನ ಸಣ್ಣ ತಗ್ಗು. ಆಮೇಲೆ ಸೌಟು ಎತ್ತಿ, ತಿರುಗದೆಯೇ, ಭುಜದ ಮೇಲಿಂದ ಅದಕ್ಕೆ ಹೊಡೆದಳು. ನಾಲ್ಕು.

ಆ ಸೌಟು ಆ ತಪೇಲಿಗೆ ಬಿದ್ದ ಸದ್ದನ್ನು ಮೂವತ್ತೊಂದು ವರ್ಷದಿಂದ ನಮ್ಮೂರ ಯಾವ ರೇಡಿಯೊ ಕೂಡ ಹಿಡಿದಿರಲಿಲ್ಲ. ಇದನ್ನು ನಾನು ಕಿವಿಯಾರೆ ಕೇಳಿದ್ದು, ಆಗಲೇ ಬಾಯಲ್ಲಿ ಆಡಬಹುದಾಗಿತ್ತು. "ಏನಂತ?" ಅಂದಳು ಸಾತವ್ವ, ಗೋಡೆಗಲ್ಲ, ನನಗೇ. "ಕಲಾಯಿ ಹೋಗೈತಂತ," ಅಂದೆ.

ಮಾಘ ಬಹುಳ ದಶಮಿ, ಗುರುವಾರ, ಬೆಳಗಿನ ಆರೂವರೆ ಬಸ್ಸಿಗೆ ನೀಲವ್ವ ಊರು ಬಿಟ್ಟಳು. ಅದೇ ಬಸ್ಸಿಗೆ ಶಂಕ್ರವ್ವನೂ.